ನೋಡೋದು ಕಣ್ಣು, ಕಾಣೋದು ಮಿದುಳು



ನಮ್ಮ ಕನ್ನಡದಲ್ಲಿ ಎರಡು ಮಾತುಗಳಿವೆ. ಒಂದು 'ನೋಡು'. ಇನ್ನೊಂದು 'ಕಾಣು'. ಎರಡೂ ಒಂದೇ ಅಂತ ಅನ್ನಿಸುತ್ತದೆ. ಆದರೆ ನಾವು ಮಾತಾಡುವಾಗ ಅವು ಒಂದೇ ಅಲ್ಲ. "ಆಗಿನಿಂದ ನೋಡ್ತಾ ಇದೀನಿ, ಬೀಗದ ಕೈ ಕಾಣ್ತಾನೇ ಇಲ್ಲ" ಅಂತೀವಿ. ಕೊನೆಗೆ ನೋಡಿದರೆ ಬೀಗದ ಕೈ ಕಣ್ಣೆದುರಿಗೇ ಇರುತ್ತದೆ. ನೋಡಿದ್ದು ನಿಜ. ಕಾಣದೇ ಇದ್ದದ್ದೂ ನಿಜ.

ಇದು ಹೇಗೆ? ಕಣ್ಣು ತೆರೆದಿದ್ದರೆ ಸಾಕು, ಎಲ್ಲ ಕಾಣುತ್ತದೆ ಅಂತ ನಾವು ತಿಳಿದಿದ್ದೇವೆ. ಅಷ್ಟೇ ಅಲ್ಲ. ಕಣ್ಣು ಅರ್ಧ ಕೆಲಸ ಮಾಡುತ್ತದೆ. ಉಳಿದದ್ದನ್ನು ಮಾಡೋದು ಮಿದುಳು. ಈ ವಿಷಯ ತಿಳಿದರೆ ನಮ್ಮ ಮಕ್ಕಳ ದೃಷ್ಟಿ ಉಳಿಸಬಹುದು. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ ಬನ್ನಿ.

ಕಣ್ಣಿನೊಳಗೆ ಏನಿದೆ?

ಕನ್ನಡಿ ಹಿಡಿದು ನಿಮ್ಮ ಕಣ್ಣನ್ನೇ ನೋಡಿಕೊಳ್ಳಿ. ನಡುವೆ ಕಪ್ಪು ಬೊಟ್ಟಿನ ಹಾಗೆ ಕಾಣುತ್ತದಲ್ಲ, ಅದು ಕಣ್ಣಿನ ಪಾಪೆ. ನಿಜವಾಗಿ ಅದು ಒಂದು ತೂತು. ಬೆಳಕು ಒಳಗೆ ಹೋಗುವ ಬಾಗಿಲು. ಬಿಸಿಲಿಗೆ ಹೋದರೆ ಈ ಬಾಗಿಲು ಕಿರಿದಾಗುತ್ತದೆ. ಕತ್ತಲಲ್ಲಿ ಅಗಲವಾಗುತ್ತದೆ.

ಪಾಪೆಯ ಹಿಂದೆ ಗಾಜಿನಂಥ ಒಂದು ಬಿಲ್ಲೆ ಇದೆ. ಅದನ್ನು ಮಸೂರ ಅಂತಾರೆ. ವಯಸ್ಸಾದ ಮೇಲೆ ಇದೇ ಮಸೂರ ಮಂಜಾಗುತ್ತದೆ. ಅದನ್ನೇ ನಾವು 'ಕಣ್ಣಿಗೆ ಪೊರೆ ಬಂತು' ಅನ್ನೋದು.

ಮಸೂರ ದಾಟಿದ ಬೆಳಕು ಕಣ್ಣಿನ ಹಿಂಬದಿಯ ಪರದೆ ಮೇಲೆ ಬೀಳುತ್ತದೆ. ಟೆಂಟ್ ಸಿನಿಮಾದಲ್ಲಿ ಪರದೆ ಮೇಲೆ ಚಿತ್ರ ಬೀಳುತ್ತಿತ್ತಲ್ಲ, ಹಾಗೆ. ಆದರೆ ಇಲ್ಲಿ ಚಿತ್ರ ತಲೆಕೆಳಗಾಗಿ ಬೀಳುತ್ತದೆ! ಮರದ ಬುಡ ಮೇಲೆ, ತುದಿ ಕೆಳಗೆ. ಆದರೂ ನಮಗೆ ಮರ ನೆಟ್ಟಗೇ ಕಾಣುತ್ತದೆ.

ಈ ಪರದೆಯಲ್ಲಿ ಬೆಳಕನ್ನು ಹಿಡಿಯುವ ಸಣ್ಣ ಸಣ್ಣ ಕಣಗಳಿವೆ. ಅವು 12 ಕೋಟಿಗೂ ಹೆಚ್ಚು. ಅವುಗಳಲ್ಲಿ ಎರಡು ಜಾತಿ. ಸುಮಾರು 60 ಲಕ್ಷ ಕಣಗಳು ಬಣ್ಣ ಗುರುತಿಸುತ್ತವೆ. ಅವಕ್ಕೆ ಒಳ್ಳೆ ಬೆಳಕು ಬೇಕು. ಉಳಿದವು ಮಬ್ಬು ಬೆಳಕಲ್ಲೂ ಕೆಲಸ ಮಾಡುತ್ತವೆ. ಅವಕ್ಕೆ ಬಣ್ಣ ತಿಳಿಯೋದಿಲ್ಲ. ಅದಕ್ಕೇ ನೋಡಿ, ಬೆಳದಿಂಗಳಲ್ಲಿ ಕೆಂಪು ಸೀರೆ ಕಪ್ಪಾಗಿ ಕಾಣುತ್ತದೆ.

ಪರದೆಯಿಂದ ಒಂದು ನರ ಹೊರಟು ಮಿದುಳಿಗೆ ಹೋಗುತ್ತದೆ. ಹಗ್ಗದಲ್ಲಿ ಎಳೆಗಳಿರುವ ಹಾಗೆ ಈ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಈ ಎಳೆಗಳಲ್ಲಿ ಚಿತ್ರ ಹೋಗೋದಿಲ್ಲ. ಬೆಳಕೂ ಹೋಗೋದಿಲ್ಲ. ಹೋಗೋದು ಬರೀ ಸುದ್ದಿ. 'ಇಲ್ಲಿ ಬೆಳಕು ಬಿತ್ತು, ಅಲ್ಲಿ ಕತ್ತಲಿದೆ' ಅನ್ನುವ ಸುದ್ದಿ. ಆ ಸುದ್ದಿಯನ್ನು ಕೂಡಿಸಿ, 'ಇದು ಮರ, ಇದು ನನ್ನ ಮಗಳ ಮುಖ' ಅಂತ ಮಾಡೋದು ಮಿದುಳು.

ನೀವೇ ಮಾಡಿ ನೋಡಿ

ಮಿದುಳು ಈ ಕೆಲಸ ಮಾಡುತ್ತದೆ ಅಂತ ನಂಬೋದು ಹೇಗೆ? ಮನೆಯಲ್ಲೇ ಪರೀಕ್ಷೆ ಮಾಡಬಹುದು.

ಒಂದು ಬಿಳಿ ಹಾಳೆ ತಗೊಳ್ಳಿ. ಎಡಗಡೆ 'ಅ' ಅಂತ ಬರೆಯಿರಿ. ಅದರಿಂದ ಬಲಕ್ಕೆ ನಾಲ್ಕು ಬೆರಳಿನಷ್ಟು, ಅಂದರೆ 8 ಸೆಂಟಿಮೀಟರ್ ಜಾಗ ಬಿಡಿ. ಅಲ್ಲಿ ಉದ್ದಿನ ಕಾಳಿನಷ್ಟು ದಪ್ಪಕ್ಕೆ ಒಂದು ಬೊಟ್ಟು ಇಡಿ.

ಈಗ ಎಡಗಣ್ಣು ಮುಚ್ಚಿಕೊಳ್ಳಿ. ಬಲಗಣ್ಣಿನಿಂದ 'ಅ' ಅಕ್ಷರವನ್ನೇ ನೋಡುತ್ತಿರಿ. ಬೊಟ್ಟಿನ ಕಡೆ ಕಣ್ಣು ಹೊರಳಿಸಬೇಡಿ. ಹಾಳೆಯನ್ನು ಒಂದು ಮೊಳ ದೂರ ಹಿಡಿದು ನಿಧಾನವಾಗಿ ಹತ್ತಿರ ತನ್ನಿ. ಸುಮಾರು ಒಂದು ಅಡಿ ದೂರಕ್ಕೆ ಬಂದಾಗ ಏನಾಯಿತು? ಬೊಟ್ಟು ಮಾಯ! ಇನ್ನೂ ಹತ್ತಿರ ತನ್ನಿ. ಮತ್ತೆ ಬಂತು!

ಇದು ಮಾಟ ಅಲ್ಲ, ಮಂತ್ರ ಅಲ್ಲ. ಕಣ್ಣಿನ ನರ ಪರದೆಯಿಂದ ಹೊರಗೆ ಹೋಗುವ ಒಂದು ಜಾಗ ಇದೆಯಲ್ಲ, ಅಲ್ಲಿ ಬೆಳಕು ಹಿಡಿಯುವ ಕಣಗಳೇ ಇಲ್ಲ. ಅದು ಕುರುಡು ಜಾಗ. ಇದನ್ನು 1660ರ ದಶಕದಲ್ಲಿ ಫ್ರಾನ್ಸ್ ದೇಶದ ಮಾರಿಯೊತ್ ಎಂಬುವರು ಕಂಡುಹಿಡಿದರು. ಈ ಕುರುಡು ಜಾಗ ನಮ್ಮೆಲ್ಲರ ಎರಡೂ ಕಣ್ಣಲ್ಲಿದೆ. ಹುಟ್ಟಿದಾಗಿನಿಂದ ಇದೆ.

ಈಗ ಒಂದು ಮುಖ್ಯ ಮಾತು ಗಮನಿಸಿ. ಬೊಟ್ಟು ಮಾಯವಾದಾಗ ಅಲ್ಲಿ ನಿಮಗೆ ಏನು ಕಂಡಿತು? ಕಪ್ಪು ತೂತು ಕಂಡಿತೇ? ಇಲ್ಲ. ಬಿಳಿ ಹಾಳೆ ಕಂಡಿತು. ಅಲ್ಲಿಂದ ಕಣ್ಣು ಯಾವ ಸುದ್ದಿಯನ್ನೂ ಕಳಿಸಿಲ್ಲ. 'ಸುತ್ತ ಬಿಳಿ ಇದೆ, ಇಲ್ಲೂ ಬಿಳಿಯೇ ಇರಬೇಕು' ಅಂತ ಮಿದುಳೇ ತುಂಬಿಸಿತು. ಹರಿದ ಸೀರೆಗೆ ಅದೇ ಬಣ್ಣದ ತೇಪೆ ಹಾಕಿದ ಹಾಗೆ!

ಕತ್ತಲಲ್ಲಿ ಹಗ್ಗ ನೋಡಿ ಹಾವು ಅಂತ ಹೆದರೋದು ನಮಗೆಲ್ಲ ಗೊತ್ತು. ಮೊದಲು ಹಾವು ಕಾಣುತ್ತದೆ. ಎದೆ ಡವಡವ ಅನ್ನುತ್ತದೆ. 'ಅಯ್ಯೋ, ಇದು ಹಗ್ಗ' ಅಂತ ತಿಳಿದ ಮೇಲೆ ಅದೇ ಜಾಗದಲ್ಲಿ ಹಗ್ಗ ಕಾಣುತ್ತದೆ. ಬಿದ್ದಿರುವ ವಸ್ತು ಅದೇ, ನೋಡಿದ ಕಣ್ಣೂ ಅದೇ. ಮೊದಲು ಮಿದುಳು ಮಾಡಿದ ಊಹೆ ಬೇರೆ, ಆಮೇಲೆ ಮಾಡಿದ ಊಹೆ ಬೇರೆ. ಸುದ್ದಿ ಕಡಿಮೆ ಇದ್ದಾಗ ಮಿದುಳು ಊಹೆ ಮಾಡಿ ತುಂಬಿಸುತ್ತದೆ.

ಕಾಣುವ ಜಾಗ ಎಲ್ಲಿದೆ?

ಕಣ್ಣು ಇರೋದು ಮುಖದಲ್ಲಿ. ಆದರೆ ಕಣ್ಣಿನ ಸುದ್ದಿ ಮುಖ್ಯವಾಗಿ ಹೋಗಿ ಸೇರೋದು ತಲೆಯ ಹಿಂಬದಿಗೆ. ಜಡೆ ಶುರುವಾಗುವ ಕಡೆ ಕೈ ಇಟ್ಟು ನೋಡಿ. ಆ ಬುರುಡೆಯ ಒಳಗಿದೆ ಕಾಣುವ ಜಾಗ.

ಇದು ತಿಳಿದದ್ದು ಹೇಗೆ? 1904 ಮತ್ತು 1905ರಲ್ಲಿ ಜಪಾನಿಗೂ ರಷ್ಯಾಕ್ಕೂ ಯುದ್ಧ ಆಯಿತು. ಎಷ್ಟೋ ಸೈನಿಕರಿಗೆ ತಲೆಯ ಹಿಂದೆ ಗುಂಡು ತಗುಲಿತು. ಕೆಲವರು ಬದುಕಿದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಆದರೂ ಅವರಿಗೆ ಒಂದೊಂದು ಕಡೆ ಕಾಣುತ್ತಿರಲಿಲ್ಲ. ಇನೊಯೆ ಎಂಬ ಜಪಾನಿ ಕಣ್ಣಿನ ಡಾಕ್ಟರು ಅವರನ್ನು ಒಬ್ಬೊಬ್ಬರಾಗಿ ಪರೀಕ್ಷೆ ಮಾಡಿದರು. ಗುಂಡು ಎಲ್ಲಿ ಹೊಕ್ಕಿದೆ, ಯಾವ ಕಡೆ ಕಾಣೋದಿಲ್ಲ ಅಂತ ಬರೆದಿಟ್ಟರು. ಎರಡನ್ನೂ ಕೂಡಿಸಿ ಮಿದುಳಿನ ನಕ್ಷೆ ಮಾಡಿದರು. ನಮ್ಮ ಹೊಲಕ್ಕೆ ನಕ್ಷೆ ಇರುತ್ತದಲ್ಲ, ಹಾಗೆ ಕಾಣುವ ಜಾಗಕ್ಕೂ ನಕ್ಷೆ ಇದೆ.

ಈ ನಕ್ಷೆಯಲ್ಲಿ ಒಂದು ವಿಚಿತ್ರ ಇದೆ. ನಮ್ಮ ಎಡಗಡೆ ಇರುವ ವಸ್ತುಗಳ ಸುದ್ದಿ ಮಿದುಳಿನ ಬಲಭಾಗಕ್ಕೆ ಹೋಗುತ್ತದೆ. ಬಲಗಡೆಯದು ಎಡಭಾಗಕ್ಕೆ ಹೋಗುತ್ತದೆ. ಎರಡು ಕಣ್ಣಿಂದಲೂ ಹೀಗೇ. ಮಿದುಳಿನ ಒಂದು ಕಡೆ ಪೆಟ್ಟಾದರೆ ಎರಡೂ ಕಣ್ಣಿಗೆ ಇನ್ನೊಂದು ಕಡೆಯ ಅರ್ಧ ಕಾಣೋದಿಲ್ಲ. ತಟ್ಟೆಯ ಅರ್ಧದಲ್ಲಿರುವ ಅನ್ನ ಕಾಣೋದಿಲ್ಲ. ಬಾಗಿಲ ಒಂದು ಚೌಕಟ್ಟಿಗೆ ಹೋಗಿ ಡಿಕ್ಕಿ ಹೊಡೀತಾರೆ.

ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಅರ್ಧ ಕಾಣೋದು ನಿಂತರೆ ಕನ್ನಡಕದ ಅಂಗಡಿಗೆ ಹೋಗಬೇಡಿ. ಬೆಳಗಾಗಲಿ ಅಂತ ಕಾಯಬೇಡಿ. ಅದು ಲಕ್ವದ ಗುರುತು ಇರಬಹುದು. ಬಾಯಿ ಸೊಟ್ಟಗಾಗೋದು, ಕೈ ಕಾಲು ಸೋಲೋದು, ಮಾತು ತೊದಲೋದು ಇದ್ದರಂತೂ ಇನ್ನೂ ಅನುಮಾನ ಬೇಡ. 108ಕ್ಕೆ ಫೋನ್ ಮಾಡಿ. ದೊಡ್ಡ ಆಸ್ಪತ್ರೆಗೆ ಹೋಗಿ. ಮೊದಲ ಕೆಲವು ಗಂಟೆಗಳಲ್ಲೇ ಔಷಧಿ ಸಿಕ್ಕಬೇಕು.

ಇಡೀ ಕಣ್ಣನ್ನೇ ಬದಲಾಯಿಸಬಹುದೇ?

ನಟ ರಾಜಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನ ಮಾಡಿದರು. ಅವರ ಮಗ ಪುನೀತ್ ಅವರು 2021ರಲ್ಲಿ ತೀರಿಕೊಂಡಾಗಲೂ ಹಾಗೇ ಮಾಡಿದರು. ಪುನೀತ್ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು.

ಎರಡು ಕಣ್ಣಿಂದ ನಾಲ್ಕು ಜನರಿಗೆ ಹೇಗೆ? ಯಾಕೆಂದರೆ ದಾನದಲ್ಲಿ ಇಡೀ ಕಣ್ಣನ್ನು ಜೋಡಿಸೋದಿಲ್ಲ. ಕಣ್ಣಿನ ಮುಂದೆ ಗಡಿಯಾರದ ಗಾಜಿನಂಥ ಒಂದು ಪದರ ಇದೆ. ಅದು ಬೆಳ್ಳಗಾಗಿ ಕೆಟ್ಟವರಿಗೆ ಒಳ್ಳೆಯ ಪದರ ಹಾಕುತ್ತಾರೆ. ಆ ಪದರವನ್ನೂ ಎರಡು ತೆಳು ಪದರ ಮಾಡಿ ಇಬ್ಬರಿಗೆ ಹಾಕಬಹುದು.

ಇಡೀ ಕಣ್ಣು ಹಾಕಿದರೆ? 2023ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಡಾಕ್ಟರುಗಳು ಒಬ್ಬರಿಗೆ ಇಡೀ ಕಣ್ಣನ್ನೇ ಜೋಡಿಸಿದರು. ಕಣ್ಣಿಗೆ ರಕ್ತ ಹರಿಯಿತು. ಕಣ್ಣು ಜೀವಂತವಾಗಿ ಉಳಿಯಿತು. ಆದರೆ ಅದರಿಂದ ಏನೂ ಕಾಣಲಿಲ್ಲ. 10 ಲಕ್ಷ ಎಳೆಗಳ ನರ ಒಮ್ಮೆ ಕಡಿದರೆ ಮತ್ತೆ ಕೂಡಿಕೊಳ್ಳೋದಿಲ್ಲ. ಮಿದುಳಿಗೆ ಸುದ್ದಿ ಹೋಗದಿದ್ದರೆ ಕಣ್ಣು ಇದ್ದೂ ಇಲ್ಲದಂತೆ.

ಕಾಣದೇ ಇದ್ದರೂ ಕೈ ತೋರಿಸಿದರು

ಇನ್ನೂ ಸೋಜಿಗದ ಸಂಗತಿ ಇದೆ. 1974ರಲ್ಲಿ ಇಂಗ್ಲೆಂಡಿನ ವೈಸ್‌ಕ್ರಾಂಟ್ಸ್ ಎಂಬ ವಿಜ್ಞಾನಿ ಒಬ್ಬ ರೋಗಿಯ ವಿಷಯ ಬರೆದರು. ಆ ರೋಗಿಗೆ ಆಪರೇಷನ್ ಮಾಡಿ ಮಿದುಳಿನ ಬಲಗಡೆಯ ಕಾಣುವ ಜಾಗ ತೆಗೆದಿದ್ದರು. ಅವರಿಗೆ ಎಡಗಡೆ ಕಾಣುತ್ತಿರಲಿಲ್ಲ.

ವೈಸ್‌ಕ್ರಾಂಟ್ಸ್ ಅವರ ಎಡಗಡೆ ಬೆಳಕು ತೋರಿಸಿದರು. "ಬೆಳಕು ಎಲ್ಲಿದೆ?" ಅಂತ ಕೇಳಿದರು. ರೋಗಿ ತನಗೆ ಏನೂ ಕಾಣೋದಿಲ್ಲ ಅಂದರು. ಪರವಾಗಿಲ್ಲ, ಸುಮ್ಮನೆ ಊಹೆ ಮಾಡಿ ಬೆರಳು ತೋರಿಸಿ ಅಂತ ಹೇಳಿದರು. ರೋಗಿ ಬೆರಳು ತೋರಿಸಿದರು. ಮತ್ತೆ ಮತ್ತೆ ಮಾಡಿಸಿದರು. ಹೆಚ್ಚಿನ ಸಲ ಬೆರಳು ಬೆಳಕಿನ ಕಡೆಗೇ ಹೋಯಿತು! ಗೆರೆ ಅಡ್ಡ ಇದೆಯಾ, ನೆಟ್ಟಗಿದೆಯಾ ಅಂದರೂ ಸರಿಯಾಗಿ ಹೇಳಿದರು. ಆದರೆ ಅವರಿಗೆ ಅದೆಲ್ಲ ಬರೀ ಊಹೆ. ಸರಿಯಾಗಿ ಹೇಳಿದ್ದೀರಿ ಅಂತ ತಿಳಿಸಿದಾಗ ಅವರಿಗೇ ಆಶ್ಚರ್ಯ.

2008ರಲ್ಲಿ ಇನ್ನೊಬ್ಬರ ವಿಷಯ ಪ್ರಕಟವಾಯಿತು. ಎರಡು ಸಲ ಲಕ್ವ ಹೊಡೆದು ಅವರ ಮಿದುಳಿನ ಎರಡೂ ಕಡೆಯ ಕಾಣುವ ಜಾಗ ಕೆಟ್ಟಿತ್ತು. ಪೂರ್ತಿ ಕುರುಡು. ಕೋಲು ಹಿಡಿದು ನಡೆಯುತ್ತಿದ್ದರು. ಒಂದು ಓಣಿಯಂಥ ಪಡಸಾಲೆಯಲ್ಲಿ ಪೆಟ್ಟಿಗೆ, ಸಾಮಾನು ಇಟ್ಟು, ಕೋಲಿಲ್ಲದೆ ನಡೆಯಿರಿ ಅಂದರು. ಅವರು ಒಂದಕ್ಕೂ ತಾಗದೆ, ಪಕ್ಕಕ್ಕೆ ಸರಿದು ಸರಿದು, ಈ ತುದಿಯಿಂದ ಆ ತುದಿಗೆ ನಡೆದರು. ತಾವು ಹಾಗೆ ಸರಿದು ನಡೆದದ್ದು ಅವರಿಗೇ ಗೊತ್ತಿರಲಿಲ್ಲ!

ಇದಕ್ಕೆ ಕಾರಣ ಏನು? ಕಣ್ಣಿಂದ ಮಿದುಳಿಗೆ ಒಂದು ಹೆದ್ದಾರಿ ಇದೆ. ಅದು ಹಿಂದಲೆಗೆ ಹೋಗುತ್ತದೆ. ಅದರ ಜೊತೆಗೆ ಸಣ್ಣ ಸಣ್ಣ ಕಾಲುದಾರಿಗಳೂ ಇವೆ. ಅವು ಮಿದುಳಿನ ಬೇರೆ ಭಾಗಗಳಿಗೆ ಹೋಗುತ್ತವೆ. ಹೆದ್ದಾರಿ ಮುಚ್ಚಿದರೂ ಕಾಲುದಾರಿಯಲ್ಲಿ ಸ್ವಲ್ಪ ಸುದ್ದಿ ಹೋಗುತ್ತದೆ. ಆ ಸುದ್ದಿ ಕೈ ಕಾಲಿಗೆ ದಾರಿ ತೋರಿಸುತ್ತದೆ. ಆದರೆ 'ನನಗೆ ಕಾಣುತ್ತಿದೆ' ಅನ್ನುವ ಅರಿವು ಮಾತ್ರ ಹುಟ್ಟೋದಿಲ್ಲ.

ಅಂದರೆ ಸುದ್ದಿ ತಲುಪೋದು ಬೇರೆ, ಕಂಡ ಅರಿವು ಬೇರೆ. ಈ ಅರಿವು ಮಿದುಳಿನಲ್ಲಿ ಹೇಗೆ ಹುಟ್ಟುತ್ತದೆ? ಇದು ಪ್ರಪಂಚದ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇನ್ನೂ ಬಿಡಿಸಲಾಗದ ಒಗಟು. ಅವರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ.

ಗಮನ ಇಲ್ಲದಿದ್ದರೆ ಕಾಣೋದಿಲ್ಲ

ಕಣ್ಣು ಚೆನ್ನಾಗಿದೆ. ಮಿದುಳೂ ಚೆನ್ನಾಗಿದೆ. ಆದರೂ ಬೀಗದ ಕೈ ಯಾಕೆ ಕಾಣಲಿಲ್ಲ?

1999ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಅವರ ಹೆಸರು ಸೈಮನ್ಸ್ ಮತ್ತು ಚಾಬ್ರಿ. ಅವರು ಜನರಿಗೆ ಒಂದು ಸಣ್ಣ ವಿಡಿಯೋ ತೋರಿಸಿದರು. ಅದರಲ್ಲಿ ಕೆಲವರು ಚೆಂಡು ಎಸೆದು ಹಿಡಿದು ಆಡುತ್ತಾರೆ. ಬಿಳಿ ಅಂಗಿಯವರು ಎಷ್ಟು ಸಲ ಚೆಂಡು ಎಸೆದರು, ಎಣಿಸಿ ಅಂದರು. ಎಲ್ಲರೂ ಎಣಿಸುತ್ತಾ ಕೂತರು. ಆಟದ ನಡುವೆ ಗೊರಿಲ್ಲಾ ವೇಷ ಹಾಕಿದ ಒಬ್ಬರು ಬಂದು, ನಡುವೆ ನಿಂತು, ಎದೆ ಬಡಿದುಕೊಂಡು ಹೋದರು. ವಿಡಿಯೋ ನೋಡಿದವರಲ್ಲಿ ಹೆಚ್ಚೂ ಕಡಿಮೆ ಅರ್ಧ ಜನರಿಗೆ ಆ ಗೊರಿಲ್ಲಾ ಕಾಣಲೇ ಇಲ್ಲ!

ಕಣ್ಣಿಂದ ಬರುವ ಸುದ್ದಿ ರಾಶಿ ರಾಶಿ. ಅಷ್ಟನ್ನೂ ಒಟ್ಟಿಗೆ ಅರಿವಿಗೆ ತಗೊಳ್ಳಲು ಮಿದುಳಿಗೆ ಆಗೋದಿಲ್ಲ. ಮೊರದಲ್ಲಿ ಕೇರಿದ ಹಾಗೆ ಬೇಕಾದ್ದನ್ನು ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ. ಮೊಬೈಲಿನಲ್ಲಿ ಮಾತಾಡುತ್ತಾ ರಸ್ತೆ ದಾಟುವವರಿಗೆ ಎದುರಿಗೆ ಬರುವ ಬಸ್ಸು ಕಾಣದೇ ಹೋಗಬಹುದು. ಮಕ್ಕಳಿಗೂ ಇದನ್ನು ಹೇಳಿಕೊಡಿ.

ಕಾಣೋದನ್ನೂ ಕಲಿಯಬೇಕು

ಮಗು ನಡೆಯೋದನ್ನು ಕಲಿಯುತ್ತದೆ. ಮಾತು ಕಲಿಯುತ್ತದೆ. ಹಾಗೇ ಕಾಣೋದನ್ನೂ ಕಲಿಯುತ್ತದೆ.

1688ರಲ್ಲಿ ಐರ್ಲೆಂಡ್ ದೇಶದ ಮಾಲಿನೊ ಎಂಬುವರು ಒಂದು ಪ್ರಶ್ನೆ ಕೇಳಿದ್ದರು. ಹುಟ್ಟು ಕುರುಡ ಒಬ್ಬನಿಗೆ ಗುಂಡು ಯಾವುದು, ಚೌಕ ಯಾವುದು ಅಂತ ಮುಟ್ಟಿ ಗೊತ್ತು. ಅವನಿಗೆ ಇದ್ದಕ್ಕಿದ್ದಂತೆ ದೃಷ್ಟಿ ಬಂದರೆ, ಮುಟ್ಟದೆ ಬರೀ ನೋಡಿ ಗುರುತು ಹಿಡಿಯುತ್ತಾನಾ?

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದೇಶದ ಮಕ್ಕಳಿಂದ. ಪವನ್ ಸಿನ್ಹಾ ಎಂಬ ವಿಜ್ಞಾನಿ ಅಮೆರಿಕದಲ್ಲಿ ಕೆಲಸ ಮಾಡುತ್ತಾರೆ. ಅವರು 'ಪ್ರಕಾಶ' ಎಂಬ ಯೋಜನೆ ಶುರು ಮಾಡಿದರು. ಹುಟ್ಟಿನಿಂದಲೇ ಪೊರೆ ಇದ್ದು ಕಾಣದ ಮಕ್ಕಳನ್ನು ಉತ್ತರ ಭಾರತದ ಹಳ್ಳಿಗಳಲ್ಲಿ ಹುಡುಕಿ, ದೆಹಲಿಯಲ್ಲಿ ಆಪರೇಷನ್ ಮಾಡಿಸಿದರು. ಆಪರೇಷನ್ ಆದ 8ರಿಂದ 17 ವರ್ಷದ ಐದು ಮಕ್ಕಳನ್ನು ಪರೀಕ್ಷೆ ಮಾಡಿ 2011ರಲ್ಲಿ ಫಲ ಪ್ರಕಟಿಸಿದರು.

ಪಟ್ಟಿ ಬಿಚ್ಚಿದ ಕೂಡಲೇ ಮಕ್ಕಳ ಕಣ್ಣಿಗೆ ಬೆಳಕು ಬಿತ್ತು. ಆಟದ ವಸ್ತು ಒಂದನ್ನು ಮುಟ್ಟಿಸಿ, ನೋಡಿ ಗುರುತು ಹಿಡಿ ಅಂದರೆ ಅವರಿಗೆ ಆಗಲಿಲ್ಲ. ಕೈಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಿರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕಲಿತುಕೊಂಡರು.

ಹೀಗೆ ದೃಷ್ಟಿ ಬಂದವರಿಗೆ ಮೊದಮೊದಲು ಎಲ್ಲ ತುಂಡು ತುಂಡಾಗಿ ಕಾಣುತ್ತದೆ. ಒಂದು ವಸ್ತು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ತಿಳಿಯೋದಿಲ್ಲ. ವಸ್ತು ಅಲುಗಾಡಿದರೆ ಬೇಗ ಗುರುತು ಸಿಕ್ಕುತ್ತದೆ. ದಿನ ಕಳೆದಂತೆ ಎಷ್ಟೋ ಕಲಿಯುತ್ತಾರೆ. ಆದರೆ ಎಳವೆಯಿಂದ ಕಂಡವರಷ್ಟು ಸ್ಪಷ್ಟವಾಗಿ ಕಾಣೋದಿಲ್ಲ.

ಯಾಕೆ? ಅಮೆರಿಕದ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಇದನ್ನು ಬೆಕ್ಕಿನ ಮರಿಗಳಲ್ಲಿ ಪರೀಕ್ಷೆ ಮಾಡಿದ್ದರು. ಮರಿಯ ಒಂದು ಕಣ್ಣನ್ನು ಕೆಲವು ತಿಂಗಳು ಮುಚ್ಚಿದರು. ಮತ್ತೆ ತೆರೆದಾಗ ಕಣ್ಣು ಚೆನ್ನಾಗೇ ಇತ್ತು. ಆದರೆ ಮಿದುಳಿನಲ್ಲಿ ಆ ಕಣ್ಣಿನ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿತ್ತು! ಒಬ್ಬರು ಬೀಳು ಬಿಟ್ಟ ಹೊಲವನ್ನು ಪಕ್ಕದವರು ಉತ್ತುಕೊಂಡ ಹಾಗೆ. ದೊಡ್ಡ ಬೆಕ್ಕಿಗೆ ಹೀಗೆ ಮಾಡಿದರೆ ಏನೂ ಆಗಲಿಲ್ಲ. ಅಂದರೆ ಎಳೆಯ ವಯಸ್ಸಿನಲ್ಲೇ ಮಿದುಳು ಈ ಹೊಲವನ್ನು ಹಂಚಿಕೊಳ್ಳುತ್ತದೆ. ಇವರಿಬ್ಬರ ಕೆಲಸಕ್ಕೆ 1981ರಲ್ಲಿ ನೊಬೆಲ್ ಬಹುಮಾನ ಬಂತು.

ಸೋಮಾರಿ ಕಣ್ಣು

ಇದು ಬೆಕ್ಕಿನ ಮಾತಾಯಿತು. ನಮ್ಮ ಮಕ್ಕಳಿಗೂ ಹೀಗಾಗುತ್ತದೆ.

ಕೆಲವು ಮಕ್ಕಳಿಗೆ ಒಂದು ಕಣ್ಣು ಮಂಜು, ಇನ್ನೊಂದು ಸ್ಪಷ್ಟ. ಕೆಲವರಿಗೆ ಮಾಲುಗಣ್ಣು. ಒಂದು ಕಣ್ಣು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ಎರಡು ಕಣ್ಣಿಂದ ಎರಡು ಥರದ ಸುದ್ದಿ ಬಂದರೆ ಮಿದುಳು ಏನು ಮಾಡಬೇಕು? ಒಳ್ಳೆಯ ಕಣ್ಣಿನ ಮಾತು ಕೇಳುತ್ತದೆ. ಇನ್ನೊಂದರ ಮಾತನ್ನು ಕೇಳೋದೇ ಬಿಡುತ್ತದೆ. ವರ್ಷ ಕಳೆದರೆ ಆ ಕಣ್ಣು ಲೆಕ್ಕಕ್ಕಿಲ್ಲ. ಇದನ್ನು 'ಸೋಮಾರಿ ಕಣ್ಣು' ಅಂತ ಕರೀತಾರೆ. ನಿಜವಾಗಿ ಕಣ್ಣು ಸೋಮಾರಿ ಅಲ್ಲ. ಮಿದುಳು ಅದರ ಮಾತಿಗೆ ಕಿವಿ ಮುಚ್ಚಿಕೊಂಡಿದೆ.

ಮಗು ಇದನ್ನು ಹೇಳೋದಿಲ್ಲ. ಒಂದು ಕಣ್ಣಲ್ಲಿ ಚೆನ್ನಾಗಿ ಕಾಣುತ್ತದಲ್ಲ! ಆಡುತ್ತದೆ, ಓಡುತ್ತದೆ. ಆದ್ದರಿಂದ ದೊಡ್ಡವರೇ ಕಂಡುಹಿಡಿಯಬೇಕು.

ಹೇಗೆ? ಆಟ ಆಡಿಸುತ್ತಾ ಮಗುವಿನ ಒಂದು ಕಣ್ಣು ಮುಚ್ಚಿ. ಆಮೇಲೆ ಇನ್ನೊಂದು ಮುಚ್ಚಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಅತ್ತರೆ, ಕೈ ತಳ್ಳಿದರೆ ಅನುಮಾನ ಪಡಿ. ಮುಚ್ಚದ ಆ ಕಣ್ಣಿಗೆ ಕಾಣದೇ ಇರಬಹುದು. ಮಗು ತಲೆ ಓರೆ ಮಾಡಿ ನೋಡಿದರೆ, ಒಂದು ಕಣ್ಣು ಕಿರಿದು ಮಾಡಿ ನೋಡಿದರೆ, ಟಿ.ವಿ. ಹತ್ತಿರವೇ ಹೋಗಿ ಕೂತರೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಚಿಕಿತ್ಸೆ ಏನು? ಮೊದಲು ಕನ್ನಡಕ. ಆಮೇಲೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ. ಕೆಟ್ಟ ಕಣ್ಣಿಗಲ್ಲ, ಒಳ್ಳೆಯ ಕಣ್ಣಿಗೆ! ಆಗ ಮಿದುಳಿಗೆ ಬೇರೆ ದಾರಿ ಇರೋದಿಲ್ಲ. ಸೋಮಾರಿ ಕಣ್ಣಿನ ಮಾತು ಕೇಳಲೇಬೇಕು. ಎಷ್ಟು ಗಂಟೆ, ಎಷ್ಟು ತಿಂಗಳು ಅಂತ ಡಾಕ್ಟರು ಹೇಳುತ್ತಾರೆ. ಮಗು ಹಟ ಮಾಡುತ್ತದೆ. ಪಟ್ಟಿ ಕಿತ್ತು ಹಾಕುತ್ತದೆ. ತಾಳ್ಮೆ ಬೇಕು.

ಏಳು ವರ್ಷದೊಳಗೆ ಶುರು ಮಾಡಿದರೆ ಗುಣ ಚೆನ್ನಾಗಿ ಸಿಕ್ಕುತ್ತದೆ. ಆಮೇಲೆ ಕಷ್ಟ ಹೆಚ್ಚು. ಆದರೂ ತಡವಾಯಿತು ಅಂತ ಸುಮ್ಮನಿರಬೇಡಿ. ದೊಡ್ಡ ಮಕ್ಕಳಿಗೂ ಸ್ವಲ್ಪ ಪ್ರಯೋಜನ ಆಗುತ್ತದೆ.

ಇಲ್ಲಿ ಮನೆಯ ಮಾತುಗಳು ಅಡ್ಡ ಬರುತ್ತವೆ. "ಮಾಲುಗಣ್ಣು ಅದೃಷ್ಟ, ಬಿಡು" ಅಂತಾರೆ. "ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತೆ" ಅಂತಾರೆ. ಹೆಣ್ಣುಮಗು ಆದರಂತೂ, "ಕನ್ನಡಕ ಹಾಕಿದರೆ ನಾಳೆ ಯಾರು ಮದುವೆ ಆಗ್ತಾರೆ?" ಅಂತಾರೆ. ಕನ್ನಡಕ ಇಲ್ಲದೆ ಆ ಮಗುವಿನ ಒಂದು ಕಣ್ಣು ಹೋದರೆ ಅದನ್ನು ತಂದುಕೊಡೋರು ಯಾರು? ಅತ್ತೆಗೆ, ಗಂಡನಿಗೆ ಈ ಪುಟ ಓದಿ ಹೇಳಿ.

ಇನ್ನೊಂದು ಮಾತು. ಹಸುಗೂಸಿನ ಪಾಪೆ ಕಪ್ಪಾಗಿರಬೇಕು. ಅಲ್ಲಿ ಬಿಳಿ ಕಂಡರೆ, ಬೆಕ್ಕಿನ ಕಣ್ಣಿನ ಹಾಗೆ ಹೊಳೆದರೆ ಒಂದು ದಿನವೂ ತಡ ಮಾಡಬೇಡಿ. ಪೊರೆ ಇರಬಹುದು. ಕ್ಯಾನ್ಸರ್ ಕೂಡ ಇರಬಹುದು. ಹುಟ್ಟಿನಿಂದ ಬಂದ ಪೊರೆಗೆ ಮೊದಲ ಕೆಲವು ತಿಂಗಳಲ್ಲೇ ಆಪರೇಷನ್ ಆಗಬೇಕು. ಕ್ಯಾನ್ಸರ್ ಆದರೆ ಬೇಗ ಹೋದಷ್ಟೂ ಜೀವ ಉಳಿಯುತ್ತದೆ. ಕಣ್ಣಿಗೆ ಎಣ್ಣೆ, ಸೊಪ್ಪಿನ ರಸ ಬಿಡಬೇಡಿ.

ಅಂಗನವಾಡಿಗೆ, ಶಾಲೆಗೆ ಮಕ್ಕಳ ತಪಾಸಣೆಗೆ ಡಾಕ್ಟರ ತಂಡ ಬರುತ್ತದೆ. 2013ರಲ್ಲಿ ಶುರುವಾದ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದು. ಆ ದಿನ ಮಗುವನ್ನು ತಪ್ಪದೆ ಕಳಿಸಿ. ಕಣ್ಣು ನೋಡಿ ಅಂತ ಕೇಳಿ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ದೊಡ್ಡವರ ಮಿದುಳು ಕಲಿಯುತ್ತದಾ?

"ಎಳೆಯ ವಯಸ್ಸು ಮುಗಿದ ಮೇಲೆ ಮಿದುಳು ಕಲಿಯೋದಿಲ್ಲ ಅಂತಾಯ್ತಲ್ಲ" ಅಂತ ನೀವು ಕೇಳಬಹುದು. ಹಾಗಲ್ಲ. ಎರಡು ಕಣ್ಣಿಗೆ ಜಾಗ ಹಂಚುವ ಕೆಲಸ ಎಳವೆಯದು. ಕಂಡದ್ದರಲ್ಲಿ ಅರ್ಥ ಹುಡುಕುವ ಕೆಲಸ ಸಾಯುವವರೆಗೂ ನಡೆಯುತ್ತದೆ.

ಸಾಕ್ಷಿ ಬೇಕಾ? ಈ ಪದ ನೋಡಿ: ನೀರು. ಇದನ್ನು ಓದದೆ ಬರೀ ಗೆರೆ, ಸುಳಿ ಅಂತ ನೋಡಲು ಪ್ರಯತ್ನಿಸಿ. ಆಗೋದಿಲ್ಲ! ನೋಡಿದ ಕೂಡಲೇ ಅದು 'ನೀರು' ಅಂತ ಹೇಳಿಬಿಡುತ್ತದೆ. ಅಕ್ಷರ ಕಲಿಯುವ ಮೊದಲು ಇದು ಬರೀ ಸುಳಿ ಆಗಿತ್ತು. ರ ಒಳಗೆ ಒಂದು ಚುಕ್ಕೆ ಇಟ್ಟರೆ ಠ. ಮೊದಲು ಆ ಚುಕ್ಕೆ ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗ ಬರುತ್ತದೆ. ಪದರು ಪದರಾಗಿ ಮಿದುಳಿನಲ್ಲಿ ಏನೋ ಬದಲಾಗಿದೆ.

ಉತ್ತರ ಪ್ರದೇಶದ ಲಕ್ನೋ ಹತ್ತಿರದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಅಕ್ಷರ ಬಾರದ ದೊಡ್ಡವರಿಗೆ ಆರು ತಿಂಗಳು ಹಿಂದಿ ಓದಲು ಕಲಿಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕಲಿಯುವ ಮೊದಲು ಮತ್ತು ಕಲಿತ ಮೇಲೆ ಎಂ.ಆರ್.ಐ. ಯಂತ್ರದಲ್ಲಿ ಅವರ ಮಿದುಳನ್ನು ನೋಡಿದರು. 2017ರಲ್ಲಿ ಫಲ ಪ್ರಕಟವಾಯಿತು. ಹಿಂದಲೆಯ ಕಾಣುವ ಜಾಗಕ್ಕೂ, ಮಿದುಳಿನ ಆಳದಲ್ಲಿ ಕಣ್ಣಿನ ಸುದ್ದಿ ಹಾಯುವ ಜಾಗಗಳಿಗೂ ನಡುವಿನ ಹೊಂದಾಣಿಕೆ ಹೆಚ್ಚಾಗಿತ್ತು. ಬರೀ ಆರು ತಿಂಗಳಲ್ಲಿ!

ಬ್ರೆಜಿಲ್ ಮತ್ತು ಪೋರ್ಚುಗಲ್ ದೇಶದವರನ್ನು ಪರೀಕ್ಷಿಸಿ 2010ರಲ್ಲಿ ಇನ್ನೊಂದು ವರದಿ ಬಂತು. ಓದು ಬಲ್ಲವರ ಮಿದುಳಿನ ಎಡಗಡೆ ಕೆಳಭಾಗದಲ್ಲಿ ಅಕ್ಷರ ಗುರುತಿಸುವ ಒಂದು ಜಾಗ ಬೆಳೆದಿರುತ್ತದೆ. ದೊಡ್ಡವರಾದ ಮೇಲೆ ಓದು ಕಲಿತವರಲ್ಲೂ ಅದು ಬೆಳೆದಿತ್ತು.

ನಲವತ್ತು ವರ್ಷವಾಗಲಿ, ಐವತ್ತಾಗಲಿ, ಈ ಪುಟವನ್ನು ಓದುವಾಗ ನಿಮ್ಮ ಮಿದುಳೂ ಇದೇ ಕೆಲಸ ಮಾಡುತ್ತಿದೆ.

ನೆನಪಿಡಿ

1. ಕಣ್ಣು ಸುದ್ದಿ ಕಳಿಸುತ್ತದೆ. ಕಾಣುವಂತೆ ಮಾಡೋದು ಮಿದುಳು.
2. ಇದ್ದಕ್ಕಿದ್ದಂತೆ ಅರ್ಧ ಕಾಣದಿದ್ದರೆ ಅದು ಲಕ್ವ ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.
3. ಮಾಲುಗಣ್ಣು ಅದೃಷ್ಟ ಅಲ್ಲ. ಏಳು ವರ್ಷದೊಳಗೆ ಚಿಕಿತ್ಸೆ ಕೊಡಿಸಿ.
4. ಮಗುವಿನ ಪಾಪೆ ಬೆಳ್ಳಗೆ ಕಂಡರೆ ಒಂದು ದಿನವೂ ಕಾಯಬೇಡಿ.
5. ಕನ್ನಡಕಕ್ಕೆ ಹೆಣ್ಣು, ಗಂಡು ಎಂಬ ಭೇದ ಇಲ್ಲ.

ಗುಂಪಿನಲ್ಲಿ ಮಾತಾಡಿ

1. ಬೊಟ್ಟಿನ ಪರೀಕ್ಷೆಯನ್ನು ಎಲ್ಲರೂ ಮಾಡಿ. ಬೊಟ್ಟು ಮಾಯವಾದ ಜಾಗದಲ್ಲಿ ನಿಮಗೆ ಏನು ಕಂಡಿತು?
2. ನೋಡಿದರೂ ಕಾಣದೇ ಹೋದ ವಸ್ತು ಯಾವುದು? ಆಗ ನಿಮ್ಮ ಗಮನ ಎಲ್ಲಿತ್ತು?
3. ನಿಮ್ಮ ಬೀದಿಯಲ್ಲಿ ಮಾಲುಗಣ್ಣಿನ ಮಕ್ಕಳಿದ್ದಾರಾ? ಅವರ ತಾಯಿಗೆ ಈ ವಿಷಯ ಯಾರು ಹೇಳುತ್ತೀರಿ?
4. ನಿಮ್ಮ ಊರಿಗೆ ಹತ್ತಿರದ ಕಣ್ಣಿನ ಡಾಕ್ಟರು ಎಲ್ಲಿದ್ದಾರೆ? ಯಾವ ದಿನ ಸಿಕ್ಕುತ್ತಾರೆ? ಕೇಳಿ ತಿಳಿದು ಇಲ್ಲಿ ಬರೆದುಕೊಳ್ಳಿ.